ಹೋಸ್ಟಿಂಗ್ ಬದಲಿಸುವಾಗ ಸೈಟ್ ಬಂದ್ ಆಗದ ಹಾಗೆ ನೋಡಿಕೊಳ್ಳುವುದು ಹೇಗೆ?

ನಿಮ್ಮದು ವರ್ಡ್‌ಪ್ರೆಸ್ ಸೈಟ್. ಆರು ವರ್ಷದ ಕನ್ನಡ ಬರಹಗಳಿವೆ. ಡೊಮೇನ್ ಹೆಸರಿನ ಇಮೇಲ್ ಕೂಡ ಅದೇ ಹೋಸ್ಟಿಂಗ್‌ನಲ್ಲಿದೆ. ಪ್ಲಾನ್ ಮುಗಿಯಲು ಇನ್ನು ಹನ್ನೆರಡು ದಿನ. ಸೈಟ್ ನಿಲ್ಲದೆ ಹೊಸ ಕಡೆಗೆ ಹೋಗಬಹುದಾ, ಗೂಗಲ್‌ನಲ್ಲಿ ಸಿಕ್ಕಿರುವ ಜಾಗ ಕೈತಪ್ಪುತ್ತಾ ಅಂತ ಕೇಳಿದ್ದೀರಿ. ಹೋಗಬಹುದು, ಜಾಗವೂ ತಪ್ಪುವುದಿಲ್ಲ. ಹನ್ನೆರಡು ದಿನ ಸಾಕು, ಆದರೆ ಇವತ್ತೇ ಶುರು ಮಾಡಬೇಕು.

ನಾನು ಈ ಕೆಲಸ ಬಹಳ ಸಲ ಮಾಡಿದ್ದೇನೆ. ಫೈಲ್ ಕಾಪಿ ಮಾಡುವಾಗ ಎಡವಿದ್ದು ಕಡಿಮೆ. ಎಡವಿದ್ದೆಲ್ಲ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್ ಹೆಸರು ಕೇಳಿದವರಿಗೆ ಸರ್ವರ್‌ನ ವಿಳಾಸ ಹೇಳುವ ವ್ಯವಸ್ಥೆಯಲ್ಲಿ, ಮತ್ತು ಮೇಲ್‌ನಲ್ಲಿ. ಎಲ್ಲದಕ್ಕೂ ಒಂದೇ ಕಂಪನಿಗೆ ದುಡ್ಡು ಕಟ್ಟುತ್ತಿರುವುದರಿಂದ ಇದೆಲ್ಲ ಒಂದೇ ಗಂಟು ಅನ್ನಿಸುತ್ತೆ. ನಿಜವಾಗಿ ಡೊಮೇನ್ ಹೆಸರು ಬೇರೆ, ಅದರ ಡಿಎನ್‌ಎಸ್ ಬೇರೆ, ಸೈಟ್ ಬೇರೆ, ಮೇಲ್ ಬೇರೆ. ನಾಲ್ಕನ್ನೂ ಒಂದೇ ದಿನ ಎತ್ತಿಕೊಂಡು ಹೊರಟರೆ ಒಂದಾದರೂ ದಾರಿಯಲ್ಲಿ ಬೀಳುತ್ತೆ. ಡೊಮೇನ್ ನೋಂದಣಿಯನ್ನಂತೂ ಈಗ ಮುಟ್ಟಲೇಬೇಡಿ. ಹೆಸರು ಹಳೆ ಕಂಪನಿಯಲ್ಲೇ ನೋಂದಣಿ ಆಗಿದ್ದರೂ ಸೈಟ್ ಬೇರೆ ಕಡೆ ಇರಬಹುದು. ಅದನ್ನು ಬೇಕಿದ್ದರೆ ಆಮೇಲೆ ನಿಧಾನವಾಗಿ ಬದಲಿಸಿಕೊಳ್ಳಿ.

ಇವತ್ತಿನ ಕೆಲಸ ಇದು. ಡಿಎನ್‌ಎಸ್ ಪುಟ ತೆರೆದು, ಅಲ್ಲಿರುವ ಪ್ರತಿಯೊಂದು ರೆಕಾರ್ಡನ್ನೂ, ಅಂದರೆ ಒಂದೊಂದು ನಮೂದನ್ನೂ, ಒಂದು ಕಡೆ ಬರೆದಿಟ್ಟುಕೊಳ್ಳಿ. ಟಿಎಕ್ಸ್‌ಟಿ ಅನ್ನುವ ಉದ್ದದ ಪಠ್ಯದ ರೆಕಾರ್ಡ್‌ಗಳನ್ನು ಸ್ಕ್ರೀನ್‌ಶಾಟ್ ತೆಗೆದರೆ ಸಾಲದು, ಅಕ್ಷರಗಳನ್ನೇ ಕಾಪಿ ಮಾಡಿ. ಆಮೇಲೆ ಪ್ರತಿ ರೆಕಾರ್ಡ್ ಪಕ್ಕದಲ್ಲಿರುವ ಟಿಟಿಎಲ್ ನೋಡಿ. ಅದು ಸೆಕೆಂಡುಗಳ ಲೆಕ್ಕ. 86400 ಅಂತಿದ್ದರೆ ಪೂರ್ತಿ ಒಂದು ದಿನ, 14400 ಅಂತಿದ್ದರೆ ನಾಲ್ಕು ಗಂಟೆ. ಒಮ್ಮೆ ನಿಮ್ಮ ಸೈಟಿನ ಐಪಿ ವಿಳಾಸ (ಸರ್ವರ್‌ನ ಅಂಕಿಗಳ ವಿಳಾಸ) ಕೇಳಿ ತಿಳಿದುಕೊಂಡ ಸರ್ವರ್‌ಗಳು ಅಷ್ಟು ಹೊತ್ತು ಮತ್ತೆ ಕೇಳದೆ ಹಳೆ ಉತ್ತರವನ್ನೇ ಕೊಡುತ್ತಿರುತ್ತವೆ. ಈ ಟಿಟಿಎಲನ್ನು 300ಕ್ಕೆ, ಅಂದರೆ ಐದು ನಿಮಿಷಕ್ಕೆ, ಇಳಿಸಿ. ಇವತ್ತು ಇಳಿಸಿದ್ದು ಇವತ್ತೇ ಕೆಲಸ ಮಾಡುವುದಿಲ್ಲ, ಹಳೆಯ ಟಿಟಿಎಲ್‌ನಷ್ಟು ಹೊತ್ತು ಕಳೆಯಲೇಬೇಕು. ಅದಕ್ಕೇ ಇದು ಮೊದಲ ಕೆಲಸ. ಸೈಟ್ ಬದಲಿಸುವ ಕ್ಷಣದಲ್ಲಿ ಟಿಟಿಎಲ್ ನೆನಪಾದರೆ ಏನೂ ಪ್ರಯೋಜನ ಇಲ್ಲ.

ಇನ್ನು ಕಾಪಿ. ಸಾಗಿಸಿಕೊಡುವ ಪ್ಲಗಿನ್‌ಗಳಿವೆ, ಬಳಸಿ, ತಪ್ಪೇನಿಲ್ಲ. ಕೈಯಾರೆ ಮಾಡುವುದಾದರೆ ಬೇಕಾಗಿರುವುದು ಎರಡೇ: ಎಲ್ಲಾ ಫೈಲ್‌ಗಳು ಮತ್ತು ಬರಹಗಳೆಲ್ಲ ಇರುವ ಡೇಟಾಬೇಸ್. ಚುಕ್ಕೆಯಿಂದ ಶುರುವಾಗುವ ಎಚ್‌ಟಿಆಕ್ಸೆಸ್ ಫೈಲ್ ಕಣ್ಣಿಗೆ ಕಾಣದೆ ಉಳಿದುಬಿಡುತ್ತೆ. ಅದು ಬರದಿದ್ದರೆ ಮುಖಪುಟ ಸರಿಯಾಗಿ ತೆರೆದು, ಉಳಿದ ಪುಟಗಳೆಲ್ಲ 404 ಅನ್ನುತ್ತವೆ. ಡೇಟಾಬೇಸ್ ದೊಡ್ಡದಿದ್ದರೆ, ಅದನ್ನು ಬ್ರೌಸರ್‌ನಲ್ಲೇ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಆಮದು ಅರ್ಧಕ್ಕೆ ನಿಲ್ಲಬಹುದು, ಯಾಕೆಂದರೆ ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿಯಲ್ಲಿ ಅಪ್‌ಲೋಡ್ ಮಿತಿ ಮೂಲತಃ 2 ಎಂಬಿ ಮಾತ್ರ. ಹೋಸ್ಟಿಂಗ್‌ನವರು ಸಾಮಾನ್ಯವಾಗಿ ಅದನ್ನು ಏರಿಸಿರುತ್ತಾರೆ. ಆದರೂ ಎಸ್‌ಎಸ್‌ಎಚ್ (ಸರ್ವರ್‌ಗೆ ದೂರದಿಂದಲೇ ಆದೇಶ ಕೊಡುವ ದಾರಿ) ಇದ್ದರೆ, ಡೇಟಾಬೇಸಿನ ಪ್ರತಿಯನ್ನು ಅಂದರೆ ಡಂಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಬಳಸುವುದೇ ನೆಮ್ಮದಿ. ಹೊಸ ಡೇಟಾಬೇಸಿನ ಹೆಸರು, ಬಳಕೆದಾರ, ಪಾಸ್‌ವರ್ಡ್ ಮೂರನ್ನೂ ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲ್‌ನಲ್ಲಿ ಬದಲಿಸಿ. ಡೊಮೇನ್ ಅದೇ ಇರುವುದರಿಂದ ಬೇರೆ ಏನನ್ನೂ ಹುಡುಕಿ ಬದಲಿಸಬೇಕಿಲ್ಲ.

ನಿಮ್ಮದು ಕನ್ನಡ ಸೈಟ್ ಆಗಿರುವುದರಿಂದ ಇಲ್ಲೊಂದು ಗುಂಡಿ ಇದೆ. ನಾನು ಬಿದ್ದಿದ್ದೇನೆ. ಆಮದು ಮುಗಿಯಿತು, ಎರರ್ ಏನೂ ಬರಲಿಲ್ಲ, ಖುಷಿಯಿಂದ ಪುಟ ತೆರೆದೆ. ಚಿತ್ರಗಳಿವೆ, ಮೆನು ಇದೆ, ಆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಅದರ ಬದಲು ತಲೆಯ ಮೇಲೆ ಓರೆ ಗೆರೆ ಹೊತ್ತ ಇಂಗ್ಲಿಷ್ ಎ, ಪಕ್ಕದಲ್ಲಿ ಮೇಲಕ್ಕೆ ಹತ್ತಿ ಕೂತ ಪುಟ್ಟ 2, ಆಮೇಲೆ ಒಂದು ದಪ್ಪ ಚುಕ್ಕೆ. ಅದು ನಮ್ಮ 'ಕ'! ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಗುಣಿತದ ಚಿಹ್ನೆಗಳಿಗೂ ಮೂರು ಮೂರು ಬೈಟ್. ಅವನ್ನು ಇಂಗ್ಲಿಷ್‌ನಂಥ ಲಿಪಿಗಳ ಹಳೆ ಪದ್ಧತಿಯಾದ ಲ್ಯಾಟಿನ್-1 ಅಂದುಕೊಂಡು ಓದಿದರೆ ಒಂದೊಂದು ಬೈಟೂ ಬೇರೆ ಬೇರೆ ಅಕ್ಷರವಾಗುತ್ತೆ. ಕನ್ನಡದಲ್ಲಿ ಎರಡನೆಯ ಬೈಟ್ ಯಾವಾಗಲೂ ಎರಡರಲ್ಲಿ ಒಂದು, ಹಾಗಾಗಿ ಇಡೀ ಪುಟದ ತುಂಬ ಪುಟ್ಟ 2, ಪುಟ್ಟ 3 ಚೆಲ್ಲಾಡಿರುತ್ತವೆ. ಆ ಗುರುತು ಕಂಡರೆ ಗಾಬರಿ ಬೇಡ, ಬರಹ ಎಲ್ಲೂ ಹೋಗಿಲ್ಲ. ಒಂದೊಂದೇ ಲೇಖನ ತೆರೆದು ತಿದ್ದಲು ಮಾತ್ರ ಹೋಗಬೇಡಿ. ಆಮದಾದ ಡೇಟಾಬೇಸನ್ನು ಅಳಿಸಿ, ಹಳೆಯ ಕಡೆ ಟೇಬಲ್‌ಗಳ ಕ್ಯಾರೆಕ್ಟರ್ ಸೆಟ್ (ಅಕ್ಷರ ಬರೆಯುವ ಪದ್ಧತಿ) ಏನಿದೆ ನೋಡಿ, ಡಂಪ್ ತೆಗೆಯುವಾಗ ಮತ್ತು ಹಾಕುವಾಗ ಕ್ಯಾರೆಕ್ಟರ್ ಸೆಟ್ ಹೇಳಿ ಮತ್ತೆ ಮಾಡಿ. ಹೊಸ ಕಡೆ ಯುಟಿಎಫ್8ಎಂಬಿ4 ಇರಲಿ. ಡೇಟಾಬೇಸ್ ನಡೆಸುವ ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' ಒಂದು ಅಕ್ಷರಕ್ಕೆ ಮೂರೇ ಬೈಟ್ ಕೊಡುತ್ತೆ. ಕನ್ನಡಕ್ಕೆ ಸಾಕು, ಇಮೋಜಿಗೆ ನಾಲ್ಕು ಬೇಕು.

ಪಿಎಚ್‌ಪಿ ಆವೃತ್ತಿ ಬಗ್ಗೆ ಒಂದೇ ಮಾತು. ಹಳೆ ಕಡೆ 7.4 ಓಡುತ್ತಿದ್ದು ಹೊಸ ಕಡೆ 8ರ ಮೇಲಿನದು ಇದ್ದರೆ, ಹಳೆಯ ಪ್ಲಗಿನ್‌ಗಳು ಮುರಿದು ಬಿಳಿ ಪುಟ ಬರಬಹುದು. ಸಾಧ್ಯವಿದ್ದರೆ ಮೊದಲು ಹಳೆಯ ಆವೃತ್ತಿಯಲ್ಲೇ ಓಡಿಸಿ, ಎಲ್ಲಾ ನೆಲೆ ನಿಂತ ಮೇಲೆ ಏರಿಸಿ. 7.4ಕ್ಕೆ 2022ರ ನವೆಂಬರ್‌ನಿಂದ ಭದ್ರತಾ ಅಪ್‌ಡೇಟ್ ನಿಂತಿದೆ, ಆದ್ದರಿಂದ ಏರಿಸುವುದನ್ನು ಮರೆಯಲೂ ಬೇಡಿ. ಮನೆ ಬದಲಿಸುವ ದಿನವೇ ಗೋಡೆ ಒಡೆಯುವುದು ಬೇಡ, ಅಷ್ಟೇ.

ಈಗ ಹೊಸ ಕಡೆ ಸೈಟ್ ಕೂತಿದೆ, ಲೋಕಕ್ಕೆ ಗೊತ್ತಿಲ್ಲ. ನಿಮಗೆ ಮಾತ್ರ ಕಾಣುವಂತೆ ಮಾಡಲು ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲ್‌ನಲ್ಲಿ ಹೊಸ ಐಪಿ ಮತ್ತು ಡೊಮೇನ್ ಹೆಸರಿನ ಒಂದು ಸಾಲು ಸೇರಿಸಿ. ಆಗ ಡಿಎನ್‌ಎಸ್ ಕೇಳದೆ ಬ್ರೌಸರ್ ಸೀದಾ ಹೊಸ ಸರ್ವರ್‌ಗೆ ಹೋಗುತ್ತೆ. ಲಾಗಿನ್ ಆಗಿ, ಒಂದು ಚಿತ್ರ ಏರಿಸಿ, ಹುಡುಕಾಟ ಮಾಡಿ, ಸಂಪರ್ಕದ ಫಾರ್ಮ್ ಕಳಿಸಿ ನೋಡಿ. ಮೊದಮೊದಲು ಸೈಟಿನ ಭದ್ರತಾ (ಎಚ್‌ಟಿಟಿಪಿಎಸ್) ಪ್ರಮಾಣಪತ್ರದ ಎಚ್ಚರಿಕೆ ಬರಬಹುದು. ಈ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಮಾಮೂಲಿ ಪರೀಕ್ಷೆಗೆ ಡೊಮೇನ್ ಹೊಸ ಸರ್ವರ್ ಕಡೆಗೇ ತಿರುಗಿರಬೇಕು, ಅದು ಇನ್ನೂ ತಿರುಗಿಲ್ಲ ಅಲ್ವಾ? ಟಿಎಕ್ಸ್‌ಟಿ ರೆಕಾರ್ಡ್ ಮೂಲಕ ಪರೀಕ್ಷೆ ಮಾಡಿಸಿದರೆ ಮೊದಲೇ ಪ್ರಮಾಣಪತ್ರ ಸಿಗುತ್ತೆ. ಇಲ್ಲವೇ ಹಳೆಯದನ್ನೇ ಅದರ ಕೀ ಸಮೇತ ತಂದು ಹೊಸ ಕಡೆ ಹಾಕಿಕೊಳ್ಳಿ. ಎರಡೂ ಆಗದಿದ್ದರೆ ಬದಲಾವಣೆಯ ಹೊತ್ತಿನಲ್ಲಿ ಕೆಲವು ನಿಮಿಷ ಓದುಗರಿಗೆ ಎಚ್ಚರಿಕೆ ಕಾಣಿಸುತ್ತೆ.

ಹೋಸ್ಟ್ಸ್ ಫೈಲಿನ ಆ ಸಾಲನ್ನು ಪರೀಕ್ಷೆ ಮುಗಿದ ತಕ್ಷಣ ಅಳಿಸಿ. ಒಂದು ಸಲ ಅಳಿಸದೆ ಡಿಎನ್‌ಎಸ್ ಬದಲಿಸಿದೆ. ಐಪಿಯಲ್ಲಿ ಒಂದು ಅಂಕಿ ತಪ್ಪಾಗಿ ಒತ್ತಿದ್ದೆ. ನನ್ನ ಪರದೆ ಮೇಲೆ ಸೈಟ್ ಚೆನ್ನಾಗಿ ಕಾಣುತ್ತಿತ್ತು, ಕಾಣಲೇಬೇಕಲ್ಲ, ನನ್ನ ಕಂಪ್ಯೂಟರ್ ಡಿಎನ್‌ಎಸ್ ಕೇಳುತ್ತಲೇ ಇರಲಿಲ್ಲ. ಉಳಿದವರಿಗೆಲ್ಲ ನಾಲ್ಕು ಗಂಟೆ ಸೈಟ್ ಇರಲಿಲ್ಲ. ಸೈಟ್ ಯಾರದ್ದೋ ಅವರು ಫೋನ್ ಮಾಡಿದಾಗಲೂ "ನನಗೆ ಕಾಣ್ತಿದೆಯಲ್ಲ" ಅಂತ ವಾದ ಮಾಡಿದ್ದೆ. ಅಂದಿನಿಂದ ಸೈಟಿನ ಹೊಸ ಕಾಪಿಯಲ್ಲಿ, ಪುಟದ ಅಡಿಯಲ್ಲಿರುವ ಇಸವಿಯ ಮುಂದೆ ಒಂದು ಚುಕ್ಕೆ ಸೇರಿಸುತ್ತೇನೆ. ಮೊಬೈಲ್ ಡೇಟಾದಲ್ಲಿ ಸೈಟ್ ತೆರೆದು ಚುಕ್ಕೆ ಇದೆಯಾ ನೋಡುತ್ತೇನೆ. ಇದ್ದರೆ ಹೊಸದು, ಇಲ್ಲದಿದ್ದರೆ ಹಳೆಯದು.

ಬದಲಿಸುವ ದಿನ ಹೀಗೆ ಮಾಡಿ. ಹಳೆಯ ಕಡೆ ಕಾಮೆಂಟ್ ಮುಚ್ಚಿ, ಹೊಸದೇನೂ ಬರೆಯಬೇಡಿ. ಡೇಟಾಬೇಸನ್ನು ಕೊನೆಯದಾಗಿ ಇನ್ನೊಮ್ಮೆ ಸಾಗಿಸಿ. ಆಮೇಲೆ ಹಳೆಯ ಡಿಎನ್‌ಎಸ್‌ನಲ್ಲೇ ಎ ರೆಕಾರ್ಡಿಗೆ (ಸೈಟಿನ ಐಪಿ ಹೇಳುವ ರೆಕಾರ್ಡ್) ಹೊಸ ಐಪಿ ಹಾಕಿ. ಹೊಸ ಬಗೆಯ ಐಪಿಯಾದ ಐಪಿವಿ6ಗೆ 'ಎಎಎಎ' ಹೆಸರಿನ ರೆಕಾರ್ಡ್ ಇದ್ದರೆ ಅದನ್ನೂ ಬದಲಿಸಿ ಅಥವಾ ತೆಗೆಯಿರಿ. ಅದನ್ನು ಬಿಟ್ಟರೆ ಕೆಲವರಿಗೆ ಹೊಸ ಸೈಟ್, ಕೆಲವರಿಗೆ ಹಳೆಯದು ಕಾಣುತ್ತೆ, ಯಾಕೆ ಅಂತ ತಲೆ ಕೆರೆದುಕೊಳ್ಳುತ್ತಾ ಕೂರಬೇಕಾಗುತ್ತೆ. ಏನಾದರೂ ಕೆಟ್ಟರೆ ಹಳೆಯ ಐಪಿ ವಾಪಸ್ ಹಾಕಿ. ಟಿಟಿಎಲ್ 300 ಇರುವುದರಿಂದ ಹೆಚ್ಚಿನವರಿಗೆ ಐದು ಹತ್ತು ನಿಮಿಷದಲ್ಲಿ ಮೊದಲಿನಂತೆ ಆಗುತ್ತೆ.

ಆದರೆ ಎ ರೆಕಾರ್ಡ್ ಮುಟ್ಟುವ ಮುಂಚೆ ಮೇಲ್ ಬಗ್ಗೆ ಓದಿ. ನೀವು ಕೇಳಿಲ್ಲ, ಯಾರೂ ಕೇಳುವುದಿಲ್ಲ. ಎಷ್ಟೋ ಹೋಸ್ಟಿಂಗ್‌ಗಳಲ್ಲಿ, ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ಬರೀ ನಿಮ್ಮ ಡೊಮೇನ್ ಹೆಸರನ್ನೇ ತೋರಿಸುತ್ತಿರುತ್ತೆ. ಹೋಸ್ಟಿಂಗ್ ನೋಡಿಕೊಳ್ಳುವ ಸಿಪ್ಯಾನೆಲ್ ತಂತ್ರಾಂಶದಲ್ಲಿ ಮೂಲತಃ ಹಾಗೇ ಇರುತ್ತೆ. ಅಂದರೆ ಸೈಟಿನ ಐಪಿ ಬದಲಿಸಿದ ಕ್ಷಣವೇ ಮೇಲ್ ಕೂಡ ಹೊಸ ಸರ್ವರ್‌ಗೆ ಹೊರಡುತ್ತೆ. ಅಲ್ಲಿ ನಿಮ್ಮ ಹೆಸರಿನ ಅಂಚೆಪೆಟ್ಟಿಗೆಯೇ ಇಲ್ಲ, ಬಂದದ್ದೆಲ್ಲ ವಾಪಸ್. ನನಗೆ ಇದಾದಾಗ ಎರಡು ದಿನ ಗೊತ್ತೇ ಆಗಲಿಲ್ಲ. ಮೇಲ್ ಬಾರದಿರುವುದನ್ನು ಗಮನಿಸುವುದು ಕಷ್ಟ. ಎಲ್ಲರೂ ಸುಮ್ನೆ ಇದ್ದಾರೆ ಅಂದುಕೊಂಡಿದ್ದೆ.

ಹಾಗಾಗಿ ಎರಡರಲ್ಲಿ ಒಂದು ಮಾಡಿ. ಮೇಲ್ ಸದ್ಯಕ್ಕೆ ಹಳೆ ಕಡೆ ಇರಲಿ ಅಂದರೆ, ಮೇಲ್ ಅನ್ನುವ ಸಬ್‌ಡೊಮೇನ್‌ಗೆ ಹಳೆಯ ಐಪಿಯ ಎ ರೆಕಾರ್ಡ್ ಕೊಟ್ಟು, ಎಂಎಕ್ಸ್ ಅದನ್ನು ತೋರಿಸುವಂತೆ ಮಾಡಿ. ಮೇಲನ್ನೂ ಈಗಲೇ ಒಯ್ಯುವುದಾದರೆ ಹೊಸ ಕಡೆ ಅದೇ ಹೆಸರಿನ ಪೆಟ್ಟಿಗೆಗಳನ್ನು ಮೊದಲೇ ತೆರೆದಿಡಿ. ಹಳೆಯ ಮೇಲ್‌ಗಳು ಐಮ್ಯಾಪ್‌ನಲ್ಲಿದ್ದರೆ ಅವು ಇರುವುದು ಹಳೆ ಸರ್ವರ್‌ನಲ್ಲಿ. ಪ್ಲಾನ್ ಮುಗಿದರೆ ಅವೂ ಹೋದವು. ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶದಲ್ಲಿ ಎರಡೂ ಖಾತೆ ಸೇರಿಸಿ ಒಂದರಿಂದ ಇನ್ನೊಂದಕ್ಕೆ ಎಳೆದು ಹಾಕಬಹುದು. ಜಾಸ್ತಿ ಇದ್ದರೆ ಮೇಲ್ ಸಾಗಿಸುವ ಐಮ್ಯಾಪ್‌ಸಿಂಕ್ ತಂತ್ರಾಂಶ ಒಳ್ಳೆಯದು. ಬದಲಿಸಿದ ಒಂದೆರಡು ದಿನದ ಮೇಲೆ ಅದನ್ನು ಮತ್ತೊಮ್ಮೆ ಓಡಿಸಿ, ನಡುವೆ ಹಳೆಯ ಕಡೆಗೂ ಕೆಲವು ಬಂದಿರುತ್ತವೆ. ಎಸ್‌ಪಿಎಫ್ ರೆಕಾರ್ಡ್‌ನಲ್ಲಿ (ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಹೊಸ ಸರ್ವರ್ ಸೇರಿಸಿ, ಡಿಕೆಐಎಂ ಕೀ (ಮೇಲ್ ನಿಮ್ಮದೇ ಅಂತ ಸಾಬೀತು ಮಾಡುವ ಸಹಿಯದು) ಹೊಸದು ಹಾಕಿ, ಇಲ್ಲದಿದ್ದರೆ ನೀವು ಕಳಿಸಿದ್ದು ಸ್ಪ್ಯಾಮ್‌ಗೆ ಬೀಳಬಹುದು. ಇನ್ನೊಂದು ಚೇಷ್ಟೆ ಇದೆ. ನೀವು ಹೊರಟ ಮೇಲೂ ಹಳೆ ಸರ್ವರ್ ಈ ಡೊಮೇನ್ ತನ್ನದೇ ಅಂದುಕೊಂಡಿರುತ್ತೆ. ಅದೇ ಸರ್ವರ್‌ನಲ್ಲಿರುವ ಬೇರೆ ಗ್ರಾಹಕರು ನಿಮಗೆ ಮೇಲ್ ಕಳಿಸಿದರೆ ಡಿಎನ್‌ಎಸ್ ನೋಡದೆ ತನ್ನೊಳಗೇ ಇಟ್ಟುಕೊಳ್ಳುತ್ತೆ. ಹಳೆ ಕಡೆಯ ಸಿಪ್ಯಾನೆಲ್‌ನ ಇಮೇಲ್ ರೂಟಿಂಗ್‌ನಲ್ಲಿ ರಿಮೋಟ್ ಆಯ್ದುಕೊಂಡರೆ ಸರಿಹೋಗುತ್ತೆ.

ಗೂಗಲ್ ವಿಷಯ ಚಿಕ್ಕದು. ಪುಟಗಳ ವಿಳಾಸ ಬದಲಾಗುತ್ತಿಲ್ಲ, ಐಪಿ ಮಾತ್ರ ಬದಲಾಗುತ್ತಿದೆ. ಕೆಲವು ದಿನ ಗೂಗಲ್‌ನ ಬಾಟ್ (ತಾನಾಗಿ ಪುಟಗಳನ್ನು ಓದುವ ಪ್ರೋಗ್ರಾಂ) ಸ್ವಲ್ಪ ನಿಧಾನವಾಗಿ ಬರಬಹುದು, ಆಮೇಲೆ ಮೊದಲಿನಂತೆ ಬರುತ್ತೆ. ಪರೀಕ್ಷೆ ಮಾಡುವಾಗ ವರ್ಡ್‌ಪ್ರೆಸ್‌ನಲ್ಲಿ ಸರ್ಚ್ ಎಂಜಿನ್ ಬರಬೇಡಿ ಅನ್ನುವ ಪೆಟ್ಟಿಗೆಗೆ ಟಿಕ್ ಹಾಕಿದ್ದರೆ ತೆಗೆಯಿರಿ. ಜಾಗ ಹೋಗುವುದಿದ್ದರೆ ಅದರಿಂದ ಹೋಗುತ್ತೆ. ಸೈಟ್ ನಿಮ್ಮದೇ ಅಂತ ಗೂಗಲ್‌ನ ಸರ್ಚ್ ಕನ್ಸೋಲ್‌ಗೆ ತೋರಿಸುವ ಗುರುತಿನ ಫೈಲ್ ಅಥವಾ ಟಿಎಕ್ಸ್‌ಟಿ ರೆಕಾರ್ಡ್ ಕೂಡ ಜೊತೆಗೆ ಬರಲಿ.

ಕೊನೆಗೆ ನಿಮ್ಮ ಹನ್ನೆರಡು ದಿನದ ಲೆಕ್ಕ. ನಿಮ್ಮ ನೇಮ್‌ಸರ್ವರ್ (ಡಿಎನ್‌ಎಸ್ ರೆಕಾರ್ಡ್‌ಗಳನ್ನು ಇಟ್ಟುಕೊಂಡು ಉತ್ತರ ಕೊಡುವ ಸರ್ವರ್) ಹಳೆ ಹೋಸ್ಟಿಂಗ್‌ನದ್ದೇ ಆಗಿದ್ದರೆ, ಪ್ಲಾನ್ ಮುಗಿದ ದಿನ ಡಿಎನ್‌ಎಸ್ ಕೂಡ ಅಳಿಸಿಹೋಗಬಹುದು. ಸೈಟ್ ಹೊಸ ಕಡೆ ಚೆನ್ನಾಗಿ ಓಡುತ್ತಿದ್ದರೂ ಅದರ ವಿಳಾಸ ಹೇಳುವವರು ಇರುವುದಿಲ್ಲ. ಆದ್ದರಿಂದ ಎ ರೆಕಾರ್ಡ್ ಬದಲಿಸಿ ಒಂದೆರಡು ದಿನ ನೆಮ್ಮದಿಯಾಗಿ ಕಳೆದ ಮೇಲೆ, ಬರೆದಿಟ್ಟುಕೊಂಡ ಎಲ್ಲಾ ರೆಕಾರ್ಡ್‌ಗಳನ್ನು ಈಗಿನ ಐಪಿಗಳೊಂದಿಗೆ ಹೊಸ ನೇಮ್‌ಸರ್ವರ್‌ನಲ್ಲಿ ತುಂಬಿ, ಆಮೇಲೆ ನೇಮ್‌ಸರ್ವರ್ ಬದಲಿಸಿ. ಇಲ್ಲಿ ನೀವು ಇಳಿಸಿದ 300 ನಡೆಯುವುದಿಲ್ಲ. ಡಾಟ್ ಕಾಮ್ ಹೆಸರುಗಳ ನೇಮ್‌ಸರ್ವರ್ ಮಾಹಿತಿಗೆ ಡಾಟ್ ಕಾಮ್ ನಡೆಸುವವರೇ ಇಟ್ಟಿರುವ ಟಿಟಿಎಲ್ 172800, ಅಂದರೆ ಎರಡು ದಿನ. ಪ್ಲಾನ್ ಮುಗಿಯಲು ಕನಿಷ್ಠ ನಾಲ್ಕು ದಿನ ಇರುವಾಗಲೇ ಇದು ಆಗಿರಬೇಕು. ಹಳೆಯದನ್ನು ಒಂದು ತಿಂಗಳಿಗೆ ಮಾತ್ರ ಮುಂದುವರಿಸಲು ಸಾಧ್ಯವಿದ್ದರೆ ಮುಂದುವರಿಸಿ, ಈ ಅವಸರವೇ ಇರುವುದಿಲ್ಲ. ಆಗ ಹಳೆ ಸರ್ವರ್‌ನ ಆಕ್ಸೆಸ್ ಲಾಗ್ (ಸೈಟಿಗೆ ಬಂದವರ ದಾಖಲೆ) ದಿನಾ ಒಮ್ಮೆ ನೋಡಿ. ಮನುಷ್ಯರು ಬರುವುದು ನಿಂತು ಬರೀ ಬಾಟ್‌ಗಳು ಉಳಿದ ಮೇಲೆ, ಪೂರ್ತಿ ಬ್ಯಾಕಪ್ ಒಂದನ್ನು ಇಳಿಸಿಕೊಂಡು ಮುಚ್ಚಬಹುದು.

ನಿಮ್ಮ ನೇಮ್‌ಸರ್ವರ್ ಯಾರದು, ಎಂಎಕ್ಸ್ ಯಾವುದನ್ನು ತೋರಿಸುತ್ತಿದೆ, ಇವೆರಡನ್ನು ನೋಡಿ ಬರೆಯಿರಿ. ಯಾವ ದಿನ ಏನು ಮಾಡಬೇಕು ಅಂತ ಕೂತು ಲೆಕ್ಕ ಹಾಕೋಣ.