ಆ ಎರಡು ಬೋರ್‌ವೆಲ್‌ಗೆ ಹೋದವರು ಯಾರು?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವನ್ನು ಪಕ್ಕಕ್ಕಿಟ್ಟೆ. ಬರೆದವರು ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ, ವಯಸ್ಸು 23. ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿ ಬೆಂಗಳೂರಿನ ಒಂದು ಎನ್ವಿರಾನ್‌ಮೆಂಟಲ್ ಕನ್ಸಲ್ಟೆನ್ಸಿಗೆ ಸೇರಿದ್ದಾರೆ. ಏಳು ತಿಂಗಳಾಗಿದೆ. ಸಂಬಳ 18 ಸಾವಿರ, ಅದರಲ್ಲಿ 7 ಸಾವಿರ ಪಿಜಿಗೇ ಹೋಗುತ್ತದೆ. ಅಮ್ಮ ‘ಬಿ.ಎಡ್ ಮಾಡು, ಊರ ಹತ್ತಿರ ಟೀಚರ್ ಆಗು’ ಅನ್ನುತ್ತಾರೆ. ಸೋದರಮಾವ ಎಫ್‌ಡಿಎ ಪರೀಕ್ಷೆಯ ಪುಸ್ತಕ ತಂದು ಕೊಟ್ಟಿದ್ದಾರೆ. ಜೊತೆಗೆ ಡಿಗ್ರಿ ಓದಿದವರು ಐಟಿ ಕಂಪನಿ ಸೇರಿ ಎರಡರಷ್ಟು ತಗೊಳ್ಳುತ್ತಿದ್ದಾರೆ. ‘ಇದ್ದುಬಿಡಲಾ, ಬಿಟ್ಟುಬಿಡಲಾ? ಈ ಲೈನ್‌ನಲ್ಲಿ ಮುಂದೆ ಏನಾದರೂ ಇದೆಯಾ?’ ಅಂತ ಕೇಳಿದ್ದಾರೆ.

ಪತ್ರದ ಮೂರನೇ ಪುಟದಲ್ಲಿ, ಪಿಜಿ ಊಟದ ದೂರಿನ ಬೆನ್ನಿಗೇ, ಹೀಗೊಂದು ಮಾತಿದೆ: ‘ಕ್ವಾರಿ ಸುತ್ತ ಎಂಟು ಕಡೆ ನೀರಿನ ಸ್ಯಾಂಪಲ್ ತರಬೇಕಿತ್ತು. ಆರು ತಂದ್ವಿ, ಕತ್ತಲಾಯ್ತು, ಕಾರು ವಾಪಸ್ ಹೋಗಬೇಕಿತ್ತು. ಉಳಿದ ಎರಡಕ್ಕೆ ಹಳೇ ರಿಪೋರ್ಟಿನ ನಂಬರನ್ನೇ ಸ್ವಲ್ಪ ಹಿಂದೆಮುಂದೆ ಮಾಡಿ ಹಾಕು ಅಂದರು ನಮ್ಮ ಸೀನಿಯರ್ ಅಕ್ಕ. ಎಲ್ಲಾ ಕಡೆ ಇರೋದೇ ಅಂತೆ.’

ಅಷ್ಟು ಹೇಳಿ ಮುಂದಿನ ಸಾಲಿನಲ್ಲಿ ಪಿಎಫ್ ಕಟ್ ಆಗುವ ವಿಷಯಕ್ಕೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಈ ಉತ್ತರದ ಬಹುಪಾಲು ಆ ಎರಡು ಬೋರ್‌ವೆಲ್ ಬಗ್ಗೆಯೇ.

ಉಳಿದ ಓದುಗರಿಗೆ ಸ್ವಲ್ಪ ವಿವರ ಹೇಳುತ್ತೇನೆ. 2006ರ ಸೆಪ್ಟೆಂಬರ್ 14ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಧ್ಯಯನ) ಅಧಿಸೂಚನೆ ಪ್ರಕಾರ ಗಣಿ, ದೊಡ್ಡ ಕ್ವಾರಿ, ಹಲವು ಬಗೆಯ ಕಾರ್ಖಾನೆ ಶುರುವಾಗುವ ಮೊದಲು ಪರಿಸರ ಅನುಮತಿ ಪಡೆಯಬೇಕು. ಅದಕ್ಕೆ ಬೇಕಾದ ವರದಿಯನ್ನು ಮಾನ್ಯತೆ ಇರುವ ಕನ್ಸಲ್ಟೆನ್ಸಿ ತಯಾರಿಸುತ್ತದೆ. ಮಳೆಗಾಲ ಬಿಟ್ಟು ಒಂದು ಸೀಸನ್, ಅಂದರೆ ಮೂರು ತಿಂಗಳು, ಸುತ್ತಲಿನ ಗಾಳಿ, ನೀರು, ಮಣ್ಣು, ಶಬ್ದ ಎಲ್ಲವನ್ನೂ ಅಳೆಯುತ್ತಾರೆ. ಇದನ್ನೇ ಬೇಸ್‌ಲೈನ್ ಡೇಟಾ ಅನ್ನುತ್ತಾರೆ. ಕ್ವಾರಿ ಬಂದ ಮೇಲೆ ನಮ್ಮ ಬೋರ್ ನೀರು ಕೆಟ್ಟಿತು ಅಂತ ಐದು ವರ್ಷ ಬಿಟ್ಟು ಒಬ್ಬ ರೈತ ದೂರು ಕೊಟ್ಟ ಅಂತಿಟ್ಟುಕೊಳ್ಳಿ. ‘ಮೊದಲು ಹೇಗಿತ್ತು ನೋಡೋಣ’ ಅಂತ ಅಧಿಕಾರಿ ತೆಗೆದು ನೋಡುವುದು ಇದೇ ಟೇಬಲ್ಲನ್ನು. ಅವನ ಬೋರ್‌ವೆಲ್ ಹೆಸರಿನ ಮುಂದೆ ಇನ್ಯಾವುದೋ ಊರಿನ ನೀರಿನ ಅಂಕಿ ಇದ್ದರೆ ಅವನ ಕಥೆ ಅಲ್ಲಿಗೆ ಮುಗಿಯಿತು.

ಅದರಲ್ಲೂ ಅದು ನಿಮ್ಮದೇ ಜಿಲ್ಲೆಯ ಕ್ವಾರಿ! ಪಾಲಾರ್, ಪಿನಾಕಿನಿ ಎರಡೂ ನಂದಿ ಬೆಟ್ಟದ ಸೀಮೆಯಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ಒಂದು ಹೊಳೆ ನಮ್ಮಲ್ಲಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರನ್ನೇ ಕುಡಿದುಕೊಂಡು ಬಂದವರು ನಾವು. ಅದರಲ್ಲಿ ಫ್ಲೋರೈಡ್ ಇರುತ್ತದೆ ಅಂತ ನಿಮಗೆ ಪಾಠದಿಂದ ಗೊತ್ತಾಗಬೇಕಿರಲಿಲ್ಲ. ಊರಲ್ಲಿ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ ನೋಡಿಯೇ ಬೆಳೆದಿರುತ್ತೀರಿ. ಐದು ರೂಪಾಯಿ ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಲ್ಲಿ ಕ್ಯಾನ್ ತುಂಬಿಸಿಕೊಂಡು ಬಂದಿರುತ್ತೀರಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನಮ್ಮದು ಗಟ್ಟಿ ಬಂಡೆಯ ನೆಲ. ನೀರು ಸಿಗುವುದು ಬಂಡೆಯ ಬಿರುಕುಗಳಲ್ಲಿ. ಒಂದೇ ಊರಲ್ಲಿ ಒಂದು ಬೋರ್ 0.8 ತೋರಿಸಿದರೆ ಇನ್ನೊಂದು 2 ದಾಟಿರಬಹುದು. ಹಳೇ ನಂಬರನ್ನು ‘ಸ್ವಲ್ಪ ಹಿಂದೆಮುಂದೆ’ ಮಾಡಿದರೆ ಯಾರ ಮನೆಯ ನೀರು ಸರಿ ಹೋಗುತ್ತದೆ?

ಸ್ಯಾಂಪಲ್ ತರುವುದು ಹೇಗೆ ಅಂತ ನೀವೇ ಪತ್ರದಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದೀರಿ ನೋಡಿ. ಮೋಟರ್ ಹಾಕಿಸಿ ಪೈಪಿನಲ್ಲಿ ನಿಂತ ನೀರೆಲ್ಲ ಹೋಗುವ ತನಕ ಕಾಯುವುದು. ಅದೇ ನೀರಿನಲ್ಲಿ ಕ್ಯಾನ್ ತೊಳೆದು ತುಂಬುವುದು. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಮಾತ್ರ ತೊಳೆಯದೆ ತುಂಬುವುದು. ಲೋಹದ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಸಿಡ್ ಹನಿ ಹಾಕುವುದು. ಪಿಎಚ್ ಅಲ್ಲೇ ನೋಡಿ ಬರೆದುಕೊಳ್ಳುವುದು, ಲೇಬಲ್ ಅಂಟಿಸಿ ಐಸ್ ಬಾಕ್ಸಿಗೆ ಇಡುವುದು. ಮೋಟರ್ ಹಾಕಿಕೊಟ್ಟ ಅಜ್ಜಿ ‘ನಮ್ಮ ನೀರು ಕುಡಿಯೋಕಾಗತ್ತೇನಮ್ಮಾ?’ ಅಂತ ಕೇಳಿದ್ದನ್ನೂ ಬರೆದಿದ್ದೀರಿ. ಇಷ್ಟು ನೋಡಿದವರಿಗೆ, ಇಷ್ಟು ನೆನಪಿಟ್ಟುಕೊಂಡವರಿಗೆ ಈ ಲೈನ್‌ನಲ್ಲಿ ಮುಂದೆ ಏನೂ ಇಲ್ಲ ಅಂತ ನಾನು ಹೇಳಲಾರೆ.

ಈಗ ಸೀನಿಯರ್ ಅಕ್ಕ. ನನಗೆ ಸಿಟ್ಟು ಬಂದಿರುವುದು ಅವರ ಮೇಲೆ. ನಿಮ್ಮ ಮಾಲೀಕರ ಮೇಲೆ ಅಷ್ಟಿಲ್ಲ, ಆ ದಿನ ಅವರು ಅಲ್ಲಿರಲೂ ಇಲ್ಲ. ಅಕ್ಕ ಪಿಜಿ ಹುಡುಕಿಕೊಟ್ಟರು, ಮಧ್ಯಾಹ್ನ ಡಬ್ಬಿ ಹಂಚಿಕೊಳ್ಳುತ್ತಾರೆ, ಎಕ್ಸೆಲ್ ಕಲಿಸಿದರು ಅಂತೆಲ್ಲ ಹೊಗಳಿದ್ದೀರಿ. ಹೌದು, ಒಳ್ಳೆಯವರೇ ಇರಬಹುದು. ಆದರೆ ಮಾಲೀಕರು ಗದರಿಸಿ ಹೇಳಿದ್ದರೆ ನಿಮಗೆ ತಪ್ಪು ಅಂತ ತಕ್ಷಣ ಗೊತ್ತಾಗುತ್ತಿತ್ತು. ಅಕ್ಕ ಪ್ರೀತಿಯಿಂದ ಹೇಳಿದ್ದಕ್ಕೆ ಅದು ಕೆಲಸ ಕಲಿಯುವ ರೀತಿ ಅನ್ನಿಸಿಬಿಟ್ಟಿದೆ. ಹೊಸದಾಗಿ ಬಂದ ಹುಡುಗಿಗೆ ಮೊದಲ ವರ್ಷವೇ ಇದನ್ನು ಕಲಿಸಿದವರನ್ನು ನಾನು ಸುಲಭಕ್ಕೆ ಕ್ಷಮಿಸಲಾರೆ. ‘ಎಲ್ಲಾ ಕಡೆ ಇರೋದೇ’ ಅನ್ನುವವರು ಎಷ್ಟು ಕಡೆ ಹೋಗಿ ನೋಡಿರುತ್ತಾರೆ?

ಇಲ್ಲಿ ಅಪಾಯ ನಿಮಗೂ ಇದೆ. ಸುಳ್ಳು ಅಥವಾ ದಾರಿ ತಪ್ಪಿಸುವ ಡೇಟಾ ಕೊಟ್ಟರೆ ಅರ್ಜಿ ತಿರಸ್ಕರಿಸಬಹುದು, ಕೊಟ್ಟ ಅನುಮತಿಯನ್ನೂ ರದ್ದು ಮಾಡಬಹುದು ಅಂತ ಅದೇ ಅಧಿಸೂಚನೆ ಹೇಳುತ್ತದೆ. ವರದಿಯ ಕೊನೆಯ ಅಧ್ಯಾಯದಲ್ಲಿ ಕೆಲಸ ಮಾಡಿದ ಕನ್ಸಲ್ಟೆಂಟ್‌ಗಳ ಹೆಸರು ಬರುತ್ತದೆ. ವರದಿಯ ಸಾರಾಂಶ ಕನ್ನಡದಲ್ಲೂ ಅಚ್ಚಾಗಿ ಡಿಸಿ ಕಚೇರಿಗೆ, ಜಿಲ್ಲಾ ಪಂಚಾಯಿತಿಗೆ ಹೋಗುತ್ತದೆ. ಮೂವತ್ತು ದಿನ ಮೊದಲೇ ನೋಟಿಸ್ ಕೊಟ್ಟು ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಅಹವಾಲು ಸಭೆ ನಡೆಸುತ್ತದೆ. ಆ ಸಭೆಗೆ ಆ ಅಜ್ಜಿಯ ಮೊಮ್ಮಗನೂ ಬರಬಹುದು. ‘ಮೇಡಂ, ನಮ್ಮ ಪಕ್ಕದೂರಿನ ಬೋರಿಗೆ ಯಾವತ್ತು ಬಂದಿದ್ರಿ?’ ಅಂತ ಕೇಳಿದರೆ ಏನು ಹೇಳುತ್ತೀರಿ?

ಅಮ್ಮನ ವಿಷಯದಲ್ಲಿ ನಾನು ಅಮ್ಮನ ಕಡೆ. ಸಂಬಳ 25 ಸಾವಿರ ಅಂತ ಅವರಿಗೆ ಹೇಳಿದ್ದೀರಿ. ಈ ಅಂಕಣದಲ್ಲಿ ಮತ್ತೆ ಮತ್ತೆ ಹೇಳಿದ್ದೇನೆ, ಮನೆಯವರಿಗೆ ಸಂಬಳ ಇದ್ದದ್ದು ಇದ್ದ ಹಾಗೆ ಹೇಳಿ. 25 ಬರುವ ಮಗಳು ತಿಂಗಳ ಕೊನೆಗೆ ಮನೆಯಿಂದ ದುಡ್ಡು ಕೇಳಿದರೆ ಯಾವ ತಾಯಿಗಾದರೂ ಗಾಬರಿ ಆಗುತ್ತದೆ ಅಲ್ವಾ? ಬಿ.ಎಡ್ ಮಾತು ಅಲ್ಲಿಂದಲೇ ಹುಟ್ಟಿದೆ. ಈ ಭಾನುವಾರ ಫೋನಿನಲ್ಲಿ ನಿಜ ಹೇಳಿಬಿಡಿ. ಮಾವ ತಂದ ಪುಸ್ತಕ ಇರಲಿ, ಸದ್ಯಕ್ಕೆ ಬೇಡ.

ಮುಂದೆ ಏನಿದೆ ಅಂತ ಕೇಳಿದಿರಿ. ಕನ್ಸಲ್ಟೆನ್ಸಿಯಲ್ಲೇ ಉಳಿದರೆ ನೀರು, ಗಾಳಿ, ಅಂತರ್ಜಲ, ಜೀವವೈವಿಧ್ಯ ಹೀಗೆ ಒಂದು ವಿಷಯ ಹಿಡಿದು, ಕೆಲವು ವರ್ಷದ ಅನುಭವದ ಮೇಲೆ, ಇಂಥ ಕನ್ಸಲ್ಟೆನ್ಸಿಗಳಿಗೆ ಮಾನ್ಯತೆ ಕೊಡುವ ನ್ಯಾಬೆಟ್ ಸಂಸ್ಥೆಯ ಮಾನ್ಯತೆ ಪಡೆದ ಎಕ್ಸ್‌ಪರ್ಟ್ ಆಗಬಹುದು. ನಿಮಗೆ ನೀರೇ ಸರಿ ಅಂತ ನನಗನ್ನಿಸುತ್ತದೆ. ಅದು ಬೇಡವಾದರೆ ನರಸಾಪುರ, ವೇಮಗಲ್, ಮಾಲೂರು, ಗೌರಿಬಿದನೂರಿನ ಕೈಗಾರಿಕಾ ಪ್ರದೇಶಗಳಿವೆ. ಅಲ್ಲಿನ ಕಾರ್ಖಾನೆಗಳಿಗೆ ಇಟಿಪಿ (ತ್ಯಾಜ್ಯ ನೀರು ಶುದ್ಧೀಕರಿಸುವ ಘಟಕ) ನೋಡಿಕೊಳ್ಳಲು, ಮಾಲಿನ್ಯ ಮಂಡಳಿಯ ಕನ್ಸೆಂಟ್ (ಒಪ್ಪಿಗೆ) ಕಾಗದಪತ್ರ ಮಾಡಲು ನಿಮ್ಮಂಥವರು ಬೇಕು. ನೀರು ಪರೀಕ್ಷೆಯ ಲ್ಯಾಬ್‌ಗಳಿವೆ. ಅಮ್ಮ ಕೇಳುವ ‘ಊರ ಹತ್ತಿರ’ವೂ ಆದೀತು. ಎಲ್ಲೇ ಹೋದರೂ ಒಂದು ಸ್ವಂತ ಫೀಲ್ಡ್ ನೋಟ್‌ಬುಕ್ ಇಟ್ಟುಕೊಳ್ಳಿ, ಪೆನ್ಸಿಲ್‌ನಲ್ಲಿ ಬರೆಯಿರಿ. ನೀರು ಬಿದ್ದರೂ ಅಳಿಸುವುದಿಲ್ಲ. ಕೈಯಲ್ಲಿ ಬರೆಯಿರಿ ಅಂತ ನಾನು ಎಲ್ಲರಿಗೂ ಹೇಳುವುದೇ, ನಿಮಗಂತೂ ಅದು ಕೆಲಸದ ಭಾಗ.

ನೀವು ಆ ನಂಬರ್ ಹಾಕಿದಿರಾ ಇಲ್ಲವಾ ಅಂತ ಪತ್ರದಲ್ಲಿ ಇಲ್ಲ. ರಿಪೋರ್ಟ್ ಇನ್ನೂ ಡ್ರಾಫ್ಟ್‌ನಲ್ಲಿದೆ ಅಂತ ಮಾತ್ರ ಇದೆ. ಹಾಕಿದ್ದರೆ ಇವತ್ತೇ ತೆಗೆಯಿರಿ. ಆಮೇಲೆ ಪ್ರಾಜೆಕ್ಟ್ ಹೆಡ್‌ಗೆ ಒಂದು ಈಮೇಲ್ ಕಳಿಸಿ. ವಾಟ್ಸ್ಯಾಪ್ ಬೇಡ, ಫೋನ್ ಬೇಡ. ಹೀಗೆ ಬರೆಯಿರಿ: ‘ಏಳು ಮತ್ತು ಎಂಟನೇ ಸ್ಟೇಷನ್ನಿನ ಫೀಲ್ಡ್ ಶೀಟ್ ನನ್ನ ಬಳಿ ಇಲ್ಲ. ಯಾರು, ಯಾವ ದಿನ ಹೋಗಿದ್ದರು ತಿಳಿಸಿ. ಯಾರೂ ಹೋಗಿಲ್ಲವಾದರೆ ನಾನು ಹೋಗಿ ತರುತ್ತೇನೆ. ಅಲ್ಲಿಯವರೆಗೆ ಆ ಎರಡು ಸಾಲು ಖಾಲಿ ಬಿಟ್ಟಿದ್ದೇನೆ.’ ಇದರಲ್ಲಿ ಯಾರ ಮೇಲೂ ಆರೋಪ ಇಲ್ಲ, ಅಕ್ಕನ ಹೆಸರೂ ಇಲ್ಲ.

ಹೋಗಿ ಬಾ ಅಂದರೆ ಹೋಗಿ ಬನ್ನಿ. ಕಾರು ಕೊಡದಿದ್ದರೆ ಐಸ್ ಬಾಕ್ಸ್ ಹಿಡಿದು ಚಿಂತಾಮಣಿ ಬಸ್ ಹತ್ತಿ. ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡೂ ಇಲ್ಲ. ಸೀಸನ್ ಮುಗಿದುಹೋಗಿದ್ದರೆ ‘ಸ್ಯಾಂಪಲ್ ತಂದಿಲ್ಲ’ ಅಂತ ರಿಪೋರ್ಟಿನಲ್ಲಿ ಬರೆಯಲು ಕೇಳಿ. ಸುಮ್ನೆ ಹಾಕು ಅಂತ ಉತ್ತರ ಬಂದರೆ ನೋಟಿಸ್ ಅವಧಿ ಮುಗಿಸಿ, ಎಕ್ಸ್‌ಪೀರಿಯೆನ್ಸ್ ಲೆಟರ್ ತಗೊಂಡು ಹೊರಡಿ. ಏನು ಉತ್ತರ ಬಂತು ಅಂತ ನನಗೂ ಬರೆಯಿರಿ.