ಆ ಕಣ್ಣೀರಿನ ರಾತ್ರಿಯನ್ನು ತೆಗೆದುಬಿಡಿ

ನಮಸ್ಕಾರ.

ಅಮೆರಿಕದ 'ಫೈವ್ ಸ್ಟೇರ್‌ಸ್ಟೆಪ್ಸ್' ತಂಡದ 'ಊ ಚೈಲ್ಡ್' ಹಾಡು ಹುಟ್ಟಿದ ಬಗೆ ಕುರಿತು ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ವಿಷಯ ಕೈಬಿಡಬೇಡಿ, ತಿದ್ದಿ ಮತ್ತೆ ಕಳಿಸಿ.

ಮೊದಲು ದೊಡ್ಡ ತಕರಾರು. ಇದನ್ನು ಹಾಡಿದ ಬರ್ಕ್ ಮನೆಯ ಮಕ್ಕಳು ಬಡತನದಲ್ಲಿ ಬೆಂದು, ಒಂದು ರಾತ್ರಿ ಅಳುತ್ತಾ ಕೂತು ಈ ಹಾಡು ಕಟ್ಟಿದರು ಎಂದು ಬರೆದಿದ್ದೀರಿ. ಇದು ನಿಮಗೆ ಎಲ್ಲಿ ಸಿಕ್ಕಿತು? ಹಾಡು ಬರೆದವರು ಸ್ಟಾನ್ ವಿನ್ಸೆಂಟ್, ನಿರ್ಮಾಪಕರೂ ಅವರೇ. ಆ ಮನೆಯವರಲ್ಲ. ಮಕ್ಕಳ ತಂದೆ ಚಿಕಾಗೋ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರರಾಗಿದ್ದರು, ತಂಡದ ವ್ಯವಹಾರ ನೋಡಿಕೊಂಡು ಬೇಸ್ ಗಿಟಾರನ್ನೂ ನುಡಿಸುತ್ತಿದ್ದರು. ಓದುಗರ ಕಣ್ಣು ಒದ್ದೆಯಾಗಲಿ ಎಂದು ನಡೆಯದ್ದನ್ನು ಸೇರಿಸಿದರೆ, ನಡೆದದ್ದನ್ನೂ ಅವರು ನಂಬುವುದಿಲ್ಲ.

ನಡೆದದ್ದೇ ಬೇಕಾದಷ್ಟಿದೆ. ಎತ್ತರದ ಪ್ರಕಾರ ಸಾಲಾಗಿ ನಿಂತ ಮಕ್ಕಳು ಮೆಟ್ಟಿಲುಗಳ ಹಾಗೆ ಕಾಣುತ್ತಾರೆಂದು ತಾಯಿ ಬೆಟ್ಟಿ ತಂಡಕ್ಕೆ 'ಫೈವ್ ಸ್ಟೇರ್‌ಸ್ಟೆಪ್ಸ್' ಎಂದು ಹೆಸರು ಸೂಚಿಸಿದರು. ಇಂಥ ಸಂಗತಿಯನ್ನು ಕೊನೆಯ ಪುಟದಲ್ಲಿ ಆವರಣದೊಳಗೆ ತುರುಕಿದ್ದೀರಿ! ಮೇಲಕ್ಕೆ ತನ್ನಿ. 1966ರಲ್ಲಿ ಗಾಯಕ ಕರ್ಟಿಸ್ ಮೇಫೀಲ್ಡ್ ಅವರ ರೆಕಾರ್ಡ್ ಕಂಪನಿಯಿಂದ ಇವರ ಹಾಡುಗಳು ಬಂದವು. 1970ರಲ್ಲಿ ಬುದ್ಧಾ ರೆಕಾರ್ಡ್ಸ್ ಹೊರತಂದ ರೆಕಾರ್ಡಿನ ಮೊದಲ ಬದಿಯಲ್ಲಿದ್ದದ್ದು ಇವರು ಹಾಡಿದ ಬೀಟಲ್ಸ್‌ನ 'ಡಿಯರ್ ಪ್ರುಡೆನ್ಸ್'. 'ಊ ಚೈಲ್ಡ್'ಗೆ ಸಿಕ್ಕಿದ್ದು ಹಿಂಬದಿ. ಆ ಹಿಂಬದಿಯ ಹಾಡೇ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿತು. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕು.

'ಸ್ಫೂರ್ತಿದಾಯಕ', 'ಅಜರಾಮರ', 'ಮನಮಿಡಿಯುವ' ಎಂಬ ಪದಗಳು ಪ್ಯಾರಾಕ್ಕೊಂದರಂತೆ ಬಂದಿವೆ. ಒಂದನ್ನೂ ಉಳಿಸಬೇಡಿ, ಹಾಡನ್ನು ಮತ್ತೊಮ್ಮೆ ಕೇಳಿ. ಕಷ್ಟ ಮುಗಿಯಿತು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಮಗೂ, ಮುಂದೆ ಹಗುರಾಗುತ್ತೆ ಅನ್ನುತ್ತದೆ, ಒಂದು ದಿನ ಬಿಸಿಲಲ್ಲಿ ಒಟ್ಟಿಗೆ ನಡೆಯೋಣ ಅನ್ನುತ್ತದೆ. ಆ ದಿನ ಯಾವುದೆಂದು ಮಾತ್ರ ಹೇಳುವುದಿಲ್ಲ. ನೊಂದ ಮಗುವಿಗೆ ಸುಳ್ಳು ಹೇಳದೆ ಸಮಾಧಾನ ಹೇಳುವುದು ಎಷ್ಟು ಕಷ್ಟವೆಂದು ಮಕ್ಕಳನ್ನು ಸಾಕಿದವರಿಗೆಲ್ಲ ಗೊತ್ತು. ಅದನ್ನು ಇಲ್ಲಿ ಹೇಳುತ್ತಿರುವುದು ಒಂದೇ ಮನೆಯ ಅಕ್ಕ ತಮ್ಮಂದಿರ ದನಿಗಳು. ಬರೆದವರು ಹೊರಗಿನವರಾದರೂ ಕೇಳುವಾಗ ಮನೆಯವರೇ ಬೆನ್ನು ಸವರಿದಂತೆ ಅನ್ನಿಸುವುದು ಇದರಿಂದ ಎಂದು ನನ್ನ ನಂಬಿಕೆ. ಈ ಬಗ್ಗೆ ನೀವು ಬರೆದದ್ದು ಒಂದೇ ಸಾಲು, ನನಗೆ ಒಂದು ಪುಟ ಬೇಕು.

1971ರಲ್ಲಿ ಗಾಯಕಿ ನೀನಾ ಸಿಮೋನ್ ಇದನ್ನು ಹಾಡಿದ್ದು, 1993ರಲ್ಲಿ ಟೂಪಾಕ್ ಶಕೂರ್ ಹೆಣ್ಣುಮಕ್ಕಳ ಪರವಾದ ತಮ್ಮ ರ‍್ಯಾಪ್ ಹಾಡಿಗೆ ಇದರ ಪಲ್ಲವಿ ಬಳಸಿದ್ದು, ಇವೆರಡೂ ಇರಲಿ. ಈ ಹಾಡು ಬಳಸಿದ ಸಿನಿಮಾಗಳ ಪಟ್ಟಿ ಬೇಡ. ಹಾಡನ್ನು ಪೂರ್ತಿ ಎತ್ತಿ ಬರೆಯಲು ಹಕ್ಕುಸ್ವಾಮ್ಯ ಅಡ್ಡ ಬರುತ್ತದೆ, ತಾತ್ಪರ್ಯ ಸಾಕು.

ಕಳಿಸುವಾಗ ಪ್ರತಿ ಸಂಗತಿಯೂ ನಿಮಗೆ ಎಲ್ಲಿಂದ ತಿಳಿಯಿತೆಂದು ಅಂಚಿನಲ್ಲಿ ಗುರುತು ಹಾಕಿ. ಅದನ್ನು ಅಚ್ಚು ಮಾಡುವುದಿಲ್ಲ, ನಾನು ಪರಿಶೀಲಿಸಲು ಬೇಕು.