ಸರ್ಟಿಫಿಕೇಟ್ ಬಂತು, ಕಾಂಟ್ರಾಕ್ಟ್ ಎಲ್ಲಿ?

ಸರ್ಕಾರಿ ಕಾಂಟ್ರಾಕ್ಟ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ತಿಂಗಳು ಹಾಕಿದ್ವಿ. ಬಂದಿರೋ ಪತ್ರಗಳಲ್ಲಿ ಸೈನ್ಯದಲ್ಲಿದ್ದಾಗ ಏಟು ತಿಂದು ಹೊರಗೆ ಬಂದೋರದ್ದು, ಅವರ ಮನೆಯವರದ್ದೇ ಜಾಸ್ತಿ, ಅದ್ರಲ್ಲೂ ಅಮೆರಿಕದಿಂದ. ಸರಿ, ಈ ಸಲದ ಕಾಲಂ ಪೂರ್ತಿ ಅದಕ್ಕೇ ಇರ್ಲಿ. ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ನನ್ನ ಗಂಡ ಯುಎಸ್ ಆರ್ಮಿಲಿದ್ರು, ಬೆನ್ನು, ಮೊಣಕಾಲು ಎರಡೂ ಹಾಳು ಮಾಡ್ಕೊಂಡು ಬಂದ್ರು. ವಿಎ, ಅಂದ್ರೆ ಇಲ್ಲಿನ ಮಾಜಿ ಸೈನಿಕರ ಇಲಾಖೆ ಕಡೆಯಿಂದ 30 ಪರ್ಸೆಂಟ್ ಡಿಸೇಬಿಲಿಟಿ ಅಂತ ಕೊಟ್ಟಿದ್ದಾರೆ. ಈಗ ಐಟಿ ಸಪೋರ್ಟ್ ಕಂಪನಿ ಮಾಡ್ಬೇಕು ಅಂತಿದ್ದಾರೆ. ಇಂಥೋರ ಕಂಪನಿಗೆ ಸರ್ಕಾರ ಕಾಂಟ್ರಾಕ್ಟ್ ಮೀಸಲಿಡುತ್ತಂತೆ, 30 ಸಾಕಾಗುತ್ತಾ? ಕಂಪನಿನ ನಮ್ಮಿಬ್ರ ಹೆಸರಲ್ಲಿ ಅರ್ಧ ಅರ್ಧ ಮಾಡ್ಬೋದಾ? — ಟೆಕ್ಸಾಸ್

ಉತ್ತರ: 30 ಧಾರಾಳ ಆಯ್ತು ಮೇಡಂ. ಇಲ್ಲಿ ಪರ್ಸೆಂಟ್ ಮುಖ್ಯ ಅಲ್ಲ, ಆ ತೊಂದರೆ ಸೇವೆಯಿಂದಾನೇ ಆಗಿದ್ದು ಅಂತ ವಿಎ ಒಪ್ಪಿರ್ಬೇಕು ಅಷ್ಟೇ. ಝೀರೋ ಪರ್ಸೆಂಟ್ ರೇಟಿಂಗ್ ಇರೋರು ಕೂಡ ಅರ್ಹರು, ಎಷ್ಟೋ ಜನ ಇದು ಗೊತ್ತಿಲ್ದೆ ಸರ್ಟಿಫಿಕೇಟ್‌ಗೆ ಅರ್ಜೀನೇ ಹಾಕಲ್ಲ.

ಅರ್ಧ ಅರ್ಧ ಮಾತ್ರ ಬೇಡವೇ ಬೇಡ. ಕಂಪನಿಲಿ ಕನಿಷ್ಠ 51 ಪರ್ಸೆಂಟ್ ನಿಮ್ಮ ಯಜಮಾನರ ಹೆಸರಲ್ಲಿ ನೇರವಾಗಿ ಇರ್ಬೇಕು, ಯಾವ ಕಂಡೀಷನ್ನೂ ಇಲ್ದೆ. ಟೆಕ್ಸಾಸ್‌ನಲ್ಲಿ ಮದುವೆ ಆದ್ಮೇಲೆ ಸಂಪಾದಿಸಿದ್ದು ಇಬ್ರಿಗೂ ಸೇರಿದ್ದು ಅನ್ನೋ ಕಾನೂನು ಇದೆಯಲ್ಲಾ, ಅದನ್ನ ಈ ಲೆಕ್ಕಕ್ಕೆ ಹಿಡಿಯಲ್ಲ, ಆ ಭಯ ಬೇಡ. ಆದ್ರೆ ಬರೀ ಪಾಲು ಇದ್ರೆ ಸಾಲ್ದು, ಕಂಪನಿ ನಡೆಸೋದೂ ಅವರೇ ಆಗಿರ್ಬೇಕು, ಅತಿ ದೊಡ್ಡ ಹುದ್ದೆ ಅವರದ್ದೇ ಆಗಿರ್ಬೇಕು. ಬೆಳಗ್ಗಿಂದ ಸಂಜೆವರೆಗೂ ಬೇರೆ ಕಡೆ ಫುಲ್ ಟೈಂ ಕೆಲಸ, ರಾತ್ರಿ ಬಂದು ಸಹಿ ಹಾಕ್ತೀನಿ ಅಂದ್ರೆ ಮತ್ತೆ ನಡೆಸ್ತಿರೋದು ಯಾರು ಅಂತ ಕೇಳೇ ಕೇಳ್ತಾರೆ.

ಜನ ಎಡವೋದು ಎಲ್ಲಿ ಅಂದ್ರೆ ಆಪರೇಟಿಂಗ್ ಅಗ್ರಿಮೆಂಟ್‌ನಲ್ಲಿ, ಅಂದ್ರೆ ಕಂಪನಿ ಹೇಗೆ ನಡೆಸೋದು ಅಂತ ಪಾಲುದಾರರು ಬರ್ಕೊಳೋ ಒಪ್ಪಂದದಲ್ಲಿ. ಆನ್‌ಲೈನ್‌ನಿಂದ ಯಾವುದೋ ರೆಡಿಮೇಡ್ ಫಾರ್ಮ್ ಇಳಿಸ್ಕೊಂಡು ಹೆಸರು ತುಂಬಿ ಸಹಿ ಹಾಕಿರ್ತಾರೆ, ಅದರ ಮಧ್ಯದಲ್ಲೆಲ್ಲೋ "ಎಲ್ಲಾ ತೀರ್ಮಾನಕ್ಕೂ ಎಲ್ಲಾ ಸದಸ್ಯರ ಒಪ್ಪಿಗೆ ಬೇಕು" ಅಂತ ಒಂದು ಸಾಲು ಕೂತಿರುತ್ತೆ. ಆ ಸಾಲು ಇದ್ರೆ 49 ಪರ್ಸೆಂಟ್ ಇರೋ ನೀವು ಬೇಡ ಅಂದ್ರೆ 51 ಇರೋ ಅವರ ಕೈ ಕಟ್ಟಿದ ಹಾಗೆ ಆಗುತ್ತೆ, ಅರ್ಜಿ ಅಲ್ಲೇ ಬಿದ್ದುಹೋಗುತ್ತೆ. ಕಂಪನಿ ಮಾರೋದು, ಮುಚ್ಚೋದು ಇಂಥ ಒಂದೆರಡು ದೊಡ್ಡ ವಿಷಯಕ್ಕೆ ವಿನಾಯಿತಿ ಇದೆ, ದಿನನಿತ್ಯದ್ದಕ್ಕೆ ಇಲ್ಲ. ಅರ್ಜಿ ಹಾಕೋ ಮೊದ್ಲು ಆ ಕಾಗದ ಒಂದ್ಸಲ ಕೂತು ಓದಿ.

ಅರ್ಜಿ ಹಾಕ್ಬೇಕಿರೋದು ಎಸ್‌ಬಿಎ, ಅಂದ್ರೆ ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ನಿಗೆ. ಮೊದ್ಲು ಈ ಕೆಲಸ ವಿಎ ನೋಡ್ಕೊಳ್ತಿತ್ತು, 2023ರ ಜನವರಿ 1ರಿಂದ ಎಸ್‌ಬಿಎಗೆ ಹೋಯ್ತು. ವಿಎ ಬಿಟ್ಟು ಬೇರೆ ಇಲಾಖೆಗಳ ಹತ್ರ "ನಾನು ಡಿಸೇಬಲ್ಡ್ ವೆಟರನ್" (ಸೇವೆಯಿಂದ ಅಂಗವಿಕಲನಾದ ಮಾಜಿ ಸೈನಿಕ) ಅಂತ ನಾವೇ ಬರ್ಕೊಂಡ್ರೆ ನಡೀತಿದ್ದ ಕಾಲ ಒಂದಿತ್ತು, ಈಗ ಅದೂ ಹೋಯ್ತು, ಮೀಸಲು ಕಾಂಟ್ರಾಕ್ಟ್ ಬೇಕು ಅಂದ್ರೆ ಸರ್ಟಿಫಿಕೇಟ್ ಬೇಕೇ ಬೇಕು. ಅದಕ್ಕೂ ಮುಂಚೆ ಸ್ಯಾಮ್ ಡಾಟ್ ಗವ್ ಅನ್ನೋ ಸರ್ಕಾರಿ ಸೈಟ್‌ನಲ್ಲಿ ರಿಜಿಸ್ಟರ್ ಆಗಿ ಯುಇಐ ಅನ್ನೋ ನಂಬರ್ ತಗೋಬೇಕು, ವರ್ಷ ವರ್ಷ ಆ ರಿಜಿಸ್ಟ್ರೇಷನ್ ರಿನ್ಯೂ ಮಾಡ್ಬೇಕು. ಇದ್ಯಾವುದಕ್ಕೂ ಸರ್ಕಾರಕ್ಕೆ ಒಂದು ಡಾಲರೂ ಕೊಡ್ಬೇಕಾಗಿಲ್ಲ. ರಿಜಿಸ್ಟರ್ ಆಗಿದ್ದೇ ತಡ "ನಿಮ್ಮ ರಿಜಿಸ್ಟ್ರೇಷನ್ ಮುಗೀತಿದೆ, ಇಷ್ಟು ಡಾಲರ್ ಕಟ್ಟಿ" ಅಂತ ಸರ್ಕಾರದ್ದೇ ಅನ್ನೋ ಥರ ಈಮೇಲ್ ಮೇಲೆ ಈಮೇಲ್ ಬರುತ್ತೆ, ಅವೆಲ್ಲ ಪ್ರೈವೇಟ್‌ನೋರು. ಡಿಲೀಟ್ ಮಾಡಿ.

ಪ್ರಶ್ನೆ: ನನ್ನ ಕಂಪನಿಗೆ ಸರ್ಟಿಫಿಕೇಟ್ ಬಂದು ಎಷ್ಟೋ ತಿಂಗಳಾಯ್ತು. ಒಂದು ಫೋನ್ ಇಲ್ಲ, ಒಂದು ಈಮೇಲ್ ಇಲ್ಲ. 5 ಪರ್ಸೆಂಟ್ ನಮಗೇ ಮೀಸಲು ಅಂತಾರಲ್ಲ, ಆ 5 ಪರ್ಸೆಂಟ್ ಯಾರ ಮನೆಗೆ ಹೋಗ್ತಿದೆ? — ನ್ಯೂಜೆರ್ಸಿ

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದ್ರೆ ನಮ್ಮೂರ ರಿಸರ್ವೇಷನ್ ಥರ ಇದನ್ನ ನೋಡಿದ್ರೆ ದಾರಿ ತಪ್ಪುತ್ತೆ. ಅದು ಕೋಟಾ ಅಲ್ಲ, ಗುರಿ. 1999ರ ಕಾನೂನಲ್ಲಿ 3 ಪರ್ಸೆಂಟ್ ಅಂತ ಇಟ್ರು, ಆಮೇಲೆ 2024ರ ಡಿಫೆನ್ಸ್ ಕಾನೂನಲ್ಲಿ 5ಕ್ಕೆ ಏರಿಸಿದ್ರು. ಫೆಡರಲ್ ಸರ್ಕಾರ ವರ್ಷಕ್ಕೆ ಪ್ರೈಮ್ ಕಾಂಟ್ರಾಕ್ಟ್‌ಗಳಿಗೆ, ಅಂದ್ರೆ ತಾನೇ ನೇರವಾಗಿ ಕೊಡೋ ಕಾಂಟ್ರಾಕ್ಟ್‌ಗಳಿಗೆ, ಖರ್ಚು ಮಾಡೋ ದುಡ್ಡಲ್ಲಿ ಅಷ್ಟು ಪಾಲು ಇಂಥ ಕಂಪನಿಗಳಿಗೆ ಹೋಗ್ಲಿ ಅನ್ನೋ ಗುರಿ ಅದು. ಯಾವ ಕೆಲಸ ಮೀಸಲಿಡೋದು ಅನ್ನೋದು ಆಯಾ ಕಾಂಟ್ರಾಕ್ಟಿಂಗ್ ಆಫೀಸರ್ ಕೈಲಿದೆ.

ಅವರು ಹೇಗೆ ತೀರ್ಮಾನ ಮಾಡ್ತಾರೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಆದ ಹಾಗೆ. ರೂಲ್ ಆಫ್ ಟೂ ಅಂತ ಒಂದಿದೆ. ಈ ಕೆಲಸಕ್ಕೆ ಇಂಥ ಕಂಪನಿಗಳು ಕನಿಷ್ಠ ಎರಡಾದ್ರೂ ಟೆಂಡರ್ ಹಾಕ್ತಾವೆ, ರೇಟೂ ನ್ಯಾಯವಾಗಿರುತ್ತೆ ಅಂತ ಆಫೀಸರಿಗೆ ಅನ್ನಿಸಿದ್ರೆ ಮಾತ್ರ ಮೀಸಲಿಡೋದು. ಅನ್ನಿಸೋದು ಹೇಗೆ? ಟೆಂಡರ್ ಕರೆಯೋ ಮುಂಚೆ ಸ್ಯಾಮ್‌ನಲ್ಲಿ "ಸೋರ್ಸಸ್ ಸಾಟ್" ಅಂತ ಒಂದು ನೋಟಿಸ್ ಹಾಕ್ತಾರೆ, ಈ ಕೆಲಸ ಮಾಡೋರು ಯಾರಿದ್ದೀರಾ ಅಂತ. ಅಲ್ಲಿ ದುಡ್ಡಿಲ್ಲ, ಕಾಂಟ್ರಾಕ್ಟ್ ಇಲ್ಲ, ಅದಕ್ಕೆ ಯಾರೂ ಉತ್ತರ ಕೊಡೋ ಗೋಜಿಗೆ ಹೋಗಲ್ಲ. ನಾನಂತೂ ಎಲ್ಲರಿಗೂ ಹೇಳೋದು ಇದನ್ನೇ, ಟೆಂಡರ್ ಬಂದ್ಮೇಲೆ ಓಡೋದು ಬಿಡಿ, ಇದಕ್ಕೆ ಉತ್ತರ ಬರೀರಿ, ನಿಮ್ಮ ಥರದ್ದೇ ಇನ್ನೊಬ್ಬ ವೆಟರನ್ ಪರಿಚಯ ಇದ್ರೆ ಅವರಿಗೂ ಬರಿ ಅನ್ನಿ. ಅವರು ನಾಳೆ ನಿಮ್ಮ ಕಾಂಪಿಟಿಟರ್ ಆಗ್ತಾರೆ ನಿಜ, ಆದ್ರೆ ಇಬ್ರು ಬರೆದ್ರೇನೇ ಆ ಕೆಲಸ ಮೀಸಲಾಗೋದು, ಯಾರೂ ಬರೀದಿದ್ರೆ ಅದು ಎಲ್ಲರಿಗೂ ಓಪನ್ ಆಗಿ ಇಬ್ರಿಗೂ ಇಲ್ಲ. ಉತ್ತರ ಎರಡು ಮೂರು ಪುಟ ಸಾಕು, ಯಾರಿಗೆ ಯಾವ ಕೆಲಸ ಮಾಡ್ಕೊಟ್ಟಿದ್ದೀರಿ, ಎಷ್ಟು ದೊಡ್ಡದು, ನಿಮ್ಮ ಹತ್ರ ಎಷ್ಟು ಜನ ಇದ್ದಾರೆ. "ನಾವು ವಿಶ್ವದರ್ಜೆಯ ಸೇವೆ ನೀಡುತ್ತೇವೆ" ಥರದ್ದು ಬೇಡ, ಅದನ್ನ ಓದೋ ತಾಳ್ಮೆ ಯಾರಿಗೂ ಇರಲ್ಲ.

ಎಲ್ಲಿ ಹುಡುಕೋದು ಅಂದ್ರೆ ಮೊದ್ಲು ವಿಎನಲ್ಲೇ. ಬೇರೆ ಇಲಾಖೆಗಳಿಗೆ ವೆಟರನ್ ಕಂಪನಿ ಹಲವು ಆಯ್ಕೆಗಳಲ್ಲಿ ಒಂದು, ವಿಎಗೆ ಅದು ಮೊದಲ ಆಯ್ಕೆ. ಇದು ಸುಮ್ನೆ ಬಂದಿದ್ದಲ್ಲ. ವಿಎ ತನ್ನ ಮೆಡಿಕಲ್ ಸೆಂಟರ್‌ಗಳಿಗೆ ಎಮರ್ಜೆನ್ಸಿ ನೋಟಿಫಿಕೇಷನ್ ಸಿಸ್ಟಮ್ ತಗೊಳ್ಳೋವಾಗ ವೆಟರನ್ ಕಂಪನಿಗಳಿದ್ದಾವಾ ಅಂತ ನೋಡ್ದೇನೇ ರೆಡಿ ಲಿಸ್ಟಿಂದ ಬೇರೆಯವರಿಗೆ ಆರ್ಡರ್ ಕೊಟ್ಟಿತ್ತು, ಕಿಂಗ್ಡಮ್‌ವೇರ್ ಅನ್ನೋ ಡಿಸೇಬಲ್ಡ್ ವೆಟರನ್ ಕಂಪನಿ ಕೋರ್ಟಿಗೆ ಹೋಯ್ತು. ನಮ್ಮ ವರ್ಷದ ಗುರಿ ಮುಟ್ಟಿದ್ರೆ ಸಾಕು, ಪ್ರತಿ ಸಲ ನೋಡ್ಬೇಕಾಗಿಲ್ಲ ಅನ್ನೋದು ಸರ್ಕಾರದ ವಾದಗಳಲ್ಲೊಂದು. 2016ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಎಂಟಕ್ಕೆ ಎಂಟೂ ಜಡ್ಜ್‌ಗಳು ಅದು ನಡಿಯಲ್ಲ, ಗುರಿ ಮುಟ್ಟಿರ್ಲಿ ಬಿಡ್ಲಿ, ಕಾಂಟ್ರಾಕ್ಟ್ ಕೊಡೋವಾಗೆಲ್ಲ ರೂಲ್ ಆಫ್ ಟೂ ನೋಡ್ಲೇಬೇಕು ಅಂದ್ರು. ನೀವು ಆಸ್ಪತ್ರೆಗೆ ಬೇಕಾಗೋ ಸಾಮಾನು, ಕ್ಲೀನಿಂಗ್, ಐಟಿ, ರಿಪೇರಿ ಇಂಥದ್ದೇನಾದ್ರೂ ಮಾಡ್ತಿದ್ರೆ ನಿಮ್ಮೂರ ಹತ್ರದ ವಿಎ ಆಸ್ಪತ್ರೆ ಏನೇನು ಕೊಳ್ಳುತ್ತೆ ಅಂತ ಮೊದ್ಲು ನೋಡಿ.

ಇನ್ನೊಂದು, ಅಲ್ಲಿ ಸರ್ಕಾರದ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತೆ. ನಮ್ಮಲ್ಲಿ ಮಾರ್ಚ್ ಕೊನೇಲಿ ರಸ್ತೆಗೆ ಟಾರ್ ಬೀಳುತ್ತಲ್ಲ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಅಲ್ಲೂ ಅದೇ ಕಥೆ. ಆಗ ಚಿಕ್ಕ ಚಿಕ್ಕ ಖರೀದಿ ತುಂಬಾ ಆಗುತ್ತೆ, ಅನುಭವ ತೋರ್ಸೋಕೆ ಮೊದಲ ಕೆಲಸ ಅಂತ ಸಿಗೋದು ಬಹುಪಾಲು ಅಂಥದ್ದೇ. ಸರ್ಕಾರಿ ಕಾಂಟ್ರಾಕ್ಟ್ ಹುಡುಕೋರಿಗೆ ಸಹಾಯ ಮಾಡೋ ಅಪೆಕ್ಸ್ ಆಕ್ಸಿಲರೇಟರ್ ಅನ್ನೋ ಕೇಂದ್ರ ಎಲ್ಲಾ ಸ್ಟೇಟ್‌ನಲ್ಲೂ ಇದೆ, ಪೇಪರ್ ನೋಡಿ ತಿದ್ದಿ ಕೊಡ್ತಾರೆ, ಬಹುತೇಕ ಎಲ್ಲಾ ಫ್ರೀ. ಕನ್ಸಲ್ಟೆಂಟ್‌ಗೆ ದುಡ್ಡು ಸುರಿಯೋ ಮೊದ್ಲು ಅಲ್ಲಿಗೆ ಹೋಗಿ.

ಪ್ರಶ್ನೆ: ಒಬ್ಬ ಫ್ರೆಂಡ್ ಇದ್ದಾರೆ, ದೊಡ್ಡ ಕನ್‌ಸ್ಟ್ರಕ್ಷನ್ ಬಿಸಿನೆಸ್. ನಿನ್ನ ಹೆಸರು ಕೊಡು ಸಾಕು, ಟೆಂಡರ್, ಕೆಲಸ, ಬಿಲ್ಲು ಎಲ್ಲಾ ನಾನು ನೋಡ್ಕೋತೀನಿ, ಪ್ರತಿ ಬಿಲ್ಲಲ್ಲಿ ಇಷ್ಟು ಅಂತ ನಿಂಗೆ ಅಂತಿದ್ದಾರೆ. ಕಾಲಿನ ತೊಂದರೆಯಿಂದ ನಂಗೆ ಸೈಟ್‌ಗೆ ಓಡಾಡೋಕೂ ಆಗಲ್ಲ. ತಪ್ಪೇನಿದೆ? — ವರ್ಜೀನಿಯಾ

ಉತ್ತರ: ತಪ್ಪಲ್ಲ ಅಣ್ಣಾ, ಅಪರಾಧ. ರೆಂಟ್-ಎ-ವೆಟ್, ಬಾಡಿಗೆಗೆ ಮಾಜಿ ಸೈನಿಕ, ಅಂತಾನೇ ಅಲ್ಲಿ ಇದಕ್ಕೆ ಹೆಸರು, ಹಿಂಗೆ ಮಾಡಿ ಜೈಲಿಗೆ ಹೋದೋರಿದ್ದಾರೆ, ಹೆಸರು ತಗೊಂಡೋರೂ ಹೆಸರು ಕೊಟ್ಟೋರೂ. ಕಾನೂನು ನಷ್ಟನ ಹೇಗೆ ಲೆಕ್ಕ ಹಾಕುತ್ತೆ ನೋಡಿ, ಕಟ್ಟಡ ಚೆನ್ನಾಗೇ ಕಟ್ಕೊಟ್ಟಿದ್ದೀವಲ್ಲ, ಸರ್ಕಾರಕ್ಕೇನು ನಷ್ಟ ಅಂತ ನೀವು ಅನ್ಬೋದು, 2010ರ ಕಾನೂನಿನ ಪ್ರಕಾರ ಸುಳ್ಳು ಹೇಳಿ ತಗೊಂಡ ಕಾಂಟ್ರಾಕ್ಟಿನ ಪೂರ್ತಿ ಮೊತ್ತನೇ ನಷ್ಟ ಅಂತ ಹಿಡೀತಾರೆ, ಸರ್ಕಾರಕ್ಕೆ ಸುಳ್ಳು ಬಿಲ್ಲು ಹಾಕಿದ್ರು ಅನ್ನೋ ಫಾಲ್ಸ್ ಕ್ಲೇಮ್ಸ್ ಕೇಸ್ ಆದ್ರೆ ಅದರ ಮೂರರಷ್ಟು. ನಿಮಗೆ ಸಿಕ್ಕಿದ್ದು ಕಮಿಷನ್ನು, ಕಟ್ಟೋದು ಇಡೀ ಕಾಂಟ್ರಾಕ್ಟಿನದು. ಹೊರಗೆ ಹೇಗೆ ಬರುತ್ತೆ ಅಂದ್ರೆ, ಟೆಂಡರ್ ಸೋತೋರು ಪ್ರೊಟೆಸ್ಟ್ ಅಂತ ತಕರಾರು ಅರ್ಜಿ ಹಾಕ್ತಾರೆ, ಇಲ್ಲಾ ನಿಮ್ಮ ಫ್ರೆಂಡ್ ಆಫೀಸಲ್ಲಿ ಕೆಲಸ ಬಿಟ್ಟು ಹೋದೋರು ಯಾರೋ ಹೇಳ್ತಾರೆ, ಹೇಳಿದೋರಿಗೆ ವಸೂಲಾದ ದುಡ್ಡಲ್ಲಿ ಪಾಲು ಕೂಡ ಸಿಗುತ್ತೆ.

ಸಬ್-ಕಾಂಟ್ರಾಕ್ಟ್ ಕೊಡೋದೇ ತಪ್ಪು ಅಂತಲ್ಲ. ಸರ್ವಿಸ್ ಕೆಲಸ ಆದ್ರೆ ಬಂದ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮ ಥರ ಸರ್ಟಿಫಿಕೇಟ್ ಇಲ್ದೋರಿಗೆ ಕೊಡೋ ಹಾಗಿಲ್ಲ, ಕಟ್ಟಡದ ಕೆಲಸಕ್ಕೆ ಸಾಮಾನಿನ ಖರ್ಚು ಬಿಟ್ಟು 85 ಪರ್ಸೆಂಟ್‌ವರೆಗೂ ಕೊಡ್ಬೋದು, ಸಾಕಷ್ಟು ಸಡಿಲಾನೇ ಇದೆ. ಸೈಟ್‌ಗೆ ಹೋಗೋಕಾಗಲ್ಲ ಅನ್ನೋದೂ ಅಡ್ಡಿ ಅಲ್ಲ, ಸೈಟ್ ನೋಡ್ಕೊಳೋಕೆ ಸೂಪರ್‌ವೈಸರ್ ಇಟ್ಕೊಳ್ಳಿ, ಯಾರನ್ನ ಕೆಲಸಕ್ಕೆ ಇಟ್ಕೊಳೋದು, ಯಾವ ರೇಟಿಗೆ ಟೆಂಡರ್ ಹಾಕೋದು, ಚೆಕ್ಕಿಗೆ ಸಹಿ ಯಾರದು ಇದು ನಿಮ್ಮ ಕೈಲಿರ್ಬೇಕು. ಶಾಶ್ವತವಾಗಿ, ತೀವ್ರವಾಗಿ ಅಂಗವಿಕಲರಾದೋರ ಪರವಾಗಿ ಹೆಂಡತಿ ಅಥವಾ ಗಂಡ, ಇಲ್ಲಾ ಅವರನ್ನ ನೋಡ್ಕೊಳೋ ಕೇರ್‌ಗಿವರ್ ನಡೆಸೋಕೂ ಅವಕಾಶ ಇದೆ, ಅದಕ್ಕೆ ವಿಎ ಅಂಥ ತೀರ್ಮಾನ ಕೊಟ್ಟಿರ್ಬೇಕು.

ಆ ಫ್ರೆಂಡ್ ನಿಜವಾಗ್ಲೂ ಸಹಾಯ ಮಾಡೋರಾದ್ರೆ ಅನುಭವ ಇರೋ ಕಂಪನಿ ಸಣ್ಣ ಕಂಪನಿಗೆ ಕೈಹಿಡಿದು ಕಲಿಸೋ ಎಸ್‌ಬಿಎ ಮೆಂಟರ್-ಪ್ರೊಟೆಜೆ ಯೋಜನೆ ಮೂಲಕ ಬರ್ಲಿ. ಅದರಲ್ಲಿ ಇಬ್ರೂ ಸೇರಿ ಜಾಯಿಂಟ್ ವೆಂಚರ್ ಮಾಡ್ಬೋದು, ನಡೆಸೋದು ನಿಮ್ಮ ಕಂಪನಿ, ವೆಂಚರ್ ಮಾಡೋ ಕೆಲಸದಲ್ಲಿ ಕನಿಷ್ಠ 40 ಪರ್ಸೆಂಟ್ ನಿಮ್ಮೋರೇ ಮಾಡ್ಬೇಕು. ಇದನ್ನ ಅವರ ಮುಂದೆ ಇಟ್ಟು ನೋಡಿ. ಹೂಂ ಅಂದ್ರೆ ಒಳ್ಳೇದು, ಮುಖ ತಿರುಗಿಸಿದ್ರೆ ಅವರಿಗೆ ಬೇಕಾಗಿದ್ದು ಏನು ಅಂತ ಗೊತ್ತಾಯ್ತಲ್ಲ.

ಪ್ರಶ್ನೆ: ನಾನು ಇಂಡಿಯನ್ ಆರ್ಮಿಲಿ ಗಾಯಗೊಂಡೋನು, ಈಗ ಗ್ರೀನ್ ಕಾರ್ಡ್ ಮೇಲೆ ಮಗನ ಜೊತೆ ಇದ್ದೀನಿ. ನಂಗೂ ಇದು ಸಿಗುತ್ತಾ? — ಕ್ಯಾಲಿಫೋರ್ನಿಯಾ

ಉತ್ತರ: ಇಲ್ಲ ಸರ್. ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿರ್ಬೇಕು.

ಪ್ರಶ್ನೆ: ಗಡಿಯೊಳಗ ಕಾಲ ಕಳಕೊಂಡೀನ್ರಿ, ಹವಾಲ್ದಾರ್ ಆಗಿ ರಿಟೈರ್ ಆದೆ. ಅಮೆರಿಕಾದಾಗ ಹಿಂಗೆಲ್ಲಾ ಐತಿ ಅಂತ ಕೇಳೀನಿ, ನಮ್ಮಲ್ಲಿ ಏನರ ಐತೇನ್ರಿ? — ಬೆಳಗಾವಿ ಜಿಲ್ಲೆ

ಉತ್ತರ: ಹವಾಲ್ದಾರ್ ಸಾಹೇಬ್ರೇ, ನೇರವಾಗಿ ಹೇಳ್ಬೇಕಂದ್ರೆ ಅಂಥದ್ದು ಇಲ್ಲ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿ ಪ್ರಕಾರ ಇಲಾಖೆಗಳು, ಪಿಎಸ್‌ಯುಗಳು ವರ್ಷದ ಖರೀದಿಲಿ 25 ಪರ್ಸೆಂಟ್ ಸಣ್ಣ ಉದ್ಯಮಗಳಿಂದ ಕೊಳ್ಳಬೇಕು, ಅದರೊಳಗೆ ಎಸ್‌ಸಿ-ಎಸ್‌ಟಿಯವರಿಗೆ 4, ಮಹಿಳೆಯರಿಗೆ 3 ಅಂತಿದೆ, ಮಾಜಿ ಸೈನಿಕರಿಗೆ ಅಂತ ಬೇರೆ ಸಾಲೇ ಇಲ್ಲ. ಇರ್ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಪೆನ್ಷನ್ ಕೊಟ್ರೆ ಮುಗೀತು ಅನ್ನೋ ಧೋರಣೆ ನಮ್ಮಲ್ಲಿ ಜಾಸ್ತಿ.

ಹಾಗಂತ ಕೈ ಚೆಲ್ಲಬೇಡಿ. ಸಾಮಾನು ತಯಾರಿಸೋದು ಅಥವಾ ಸರ್ವಿಸ್ ಮಾಡೋ ಯೋಚನೆ ಇದ್ರೆ ಉದ್ಯಮ್ ರಿಜಿಸ್ಟ್ರೇಷನ್ ಮಾಡ್ಸಿ, ಅದು ಫ್ರೀ. ಆಮೇಲೆ ಸರ್ಕಾರಿ ಖರೀದಿ ನಡೆಯೋ ಜೆಮ್ ಪೋರ್ಟಲ್‌ನಲ್ಲಿ ಸೇರ್ಕೊಳ್ಳಿ. ಸಣ್ಣ ಉದ್ಯಮ ಅಂತಾದ್ರೆ ಇಎಂಡಿ, ಅಂದ್ರೆ ಟೆಂಡರ್ ಠೇವಣಿ ಕಟ್ಬೇಕಾಗಿಲ್ಲ, ನಿಮ್ಮ ರೇಟು ಎಲ್-1, ಅಂದ್ರೆ ಎಲ್ಲರಿಗಿಂತ ಕಡಿಮೆ ಬಂದ ರೇಟಿಗಿಂತ 15 ಪರ್ಸೆಂಟ್ ಒಳಗೆ ಜಾಸ್ತಿ ಇದ್ರೆ ಆ ರೇಟಿಗೆ ಇಳಿದು ಆರ್ಡರಿನ ಒಂದು ಪಾಲು ತಗೊಳೋ ಅವಕಾಶ ಇದೆ. ತಂದು ಮಾರೋರಿಗೆ, ಸಿವಿಲ್ ವರ್ಕ್ಸ್‌ಗೆ ಈ ಅನುಕೂಲ ಇಲ್ಲ, ಅದನ್ನ ಮೊದ್ಲೇ ತಿಳ್ಕೊಳ್ಳಿ.

ಸೈನಿಕರಿಗೆ ಅಂತಾನೇ ಇರೋದು ದಿಲ್ಲಿಯ ಡಿಜಿಆರ್ ಕಡೆ, ಅಂದ್ರೆ ಪುನರ್ವಸತಿ ಮಹಾನಿರ್ದೇಶನಾಲಯ. ಸೆಕ್ಯುರಿಟಿ ಏಜೆನ್ಸಿ, ಕಲ್ಲಿದ್ದಲು ಸಾಗಣೆ ಕಂಪನಿ ಇಂಥ ಸ್ಕೀಂಗಳಿವೆ, ಯೋಧರ ವಿಧವೆಯರಿಗೆ, ಅಂಗವಿಕಲ ಯೋಧರಿಗೆ ಕೋಲ್ ಟಿಪ್ಪರ್ ಅಟ್ಯಾಚ್‌ಮೆಂಟ್ ಅಂತ ಬೇರೆನೇ ಇದೆ, ಪೆಟ್ರೋಲ್ ಪಂಪ್ ಜಾಹೀರಾತು ಬಂದಾಗ ಡಿಫೆನ್ಸ್‌ನೋರು ಬರೋ ಕೆಟಗರಿನೂ ಇರುತ್ತೆ. ಒಂದೊಂದಕ್ಕೆ ಒಂದೊಂದು ಥರ ರ‍್ಯಾಂಕ್, ವಯಸ್ಸಿನ ಷರತ್ತು. ನಿಮ್ಮ ಹತ್ರ ಇರೋ ಕಾಗದದಲ್ಲಿ ಅಂಗವಿಕಲತೆ "ಸೇವೆಯಿಂದ ಆಗಿದ್ದು ಅಥವಾ ಸೇವೆಯಿಂದ ಹೆಚ್ಚಾಗಿದ್ದು" ಅಂತ ಸ್ಪಷ್ಟವಾಗಿ ಬಂದಿದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಮೊದ್ಲು ಅದನ್ನ ರೆಕಾರ್ಡ್ ಆಫೀಸಿನಿಂದ ಸರಿ ಮಾಡಿಸ್ಕೊಳ್ಳಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಆದೇಶ), ಆ ಕಾಗದ ಮೂರರದ್ದೂ ಜೆರಾಕ್ಸ್ ತಗೊಂಡು ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಆಫೀಸಿಗೆ ಹೋಗಿ, ಡಿಜಿಆರ್ ಅರ್ಜಿ ಬಗ್ಗೆ ಅಲ್ಲೇ ಕೇಳಿ, ಒರಿಜಿನಲ್ ಮಾತ್ರ ಯಾರ ಕೈಗೂ ಬಿಟ್ಟು ಬರ್ಬೇಡಿ.